ಜೀರ್ಣೋದ್ಧಾರದ ನ್ಯಾಯ: ಹಳೆಯ ಕಾರು ‘ಅದೇ’ ಆಗಿ ಉಳಿಯುವ ಬಗೆ

ಬದಲಾಗುತ್ತಲೇ ಇರುವ ವಸ್ತುವೊಂದನ್ನು ಯಾವ ಆಧಾರದ ಮೇಲೆ ‘ಅದೇ ಇದು’ ಎನ್ನಬಹುದು ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹು ಹಿಂದಿನಿಂದ ಚರ್ಚೆಗೆ ಬಂದಿದೆ. ಜೀವ, ದೇಹ, ಮೂರ್ತಿ, ದೇವಾಲಯಗಳನ್ನು ಕುರಿತು ಶಾಸ್ತ್ರಕಾರರು ಎತ್ತಿದ ಈ ಪ್ರಶ್ನೆಯನ್ನು, ತೋಟದ ಮನೆಯ ಕೊಟ್ಟಿಗೆಯಿಂದ ಹೊರತಂದ ಅರವತ್ತು ವರ್ಷದ ಕಾರೊಂದು ಅಷ್ಟೇ ನೇರವಾಗಿ ಎತ್ತುತ್ತದೆ. ಅಂಥ ಕಾರನ್ನು ಕೊಂಡವರು ಮೊದಲು ಅದು ಯಾವ ವರ್ಷದ, ಯಾವ ಮಾದರಿಯ ವಾಹನವೆಂದು ಗುರುತು ಹಿಡಿಯುತ್ತಾರೆ. ಬಳಿಕ ಅದರ ಕಾಲಕ್ಕೆ ಒಪ್ಪುವ ಬಿಡಿ ಸಾಮಗ್ರಿಗಳಿಂದ ಸಿಂಗರಿಸುತ್ತಾರೆ. ಕೆಲವರು ಅಲ್ಲಿಗೆ ನಿಲ್ಲದೆ ತಮ್ಮ ಅನುಕೂಲಕ್ಕೆ ತಕ್ಕಂತೆ ಅದನ್ನು ಮಾರ್ಪಡಿಸುತ್ತಾರೆ. ಮೇಲುನೋಟಕ್ಕೆ ಇವು ಹಣಕ್ಕೂ ಹವ್ಯಾಸಕ್ಕೂ ಕೈಗೆಲಸಕ್ಕೂ ಸಂಬಂಧಿಸಿದ ವಿಷಯಗಳು. ಆದರೆ ಗುರುತು ಹಿಡಿಯುವ ಕೆಲಸದಲ್ಲಿ ವಸ್ತುವಿನ ಸ್ವರೂಪವನ್ನು ಕುರಿತ ನಿಲುವೊಂದು ಅಡಗಿದೆ. ಸಿಂಗರಿಸುವುದರಲ್ಲಿ ಸ್ವರೂಪಕ್ಕೂ ಅಲಂಕಾರಕ್ಕೂ ಇರುವ ಸಂಬಂಧದ ವಿಚಾರವಿದೆ. ಮಾರ್ಪಡಿಸುವುದರಲ್ಲಿ ಒಡೆಯನ ಅಧಿಕಾರದ ಎಲ್ಲೆ ಯಾವುದೆಂಬ ಪ್ರಶ್ನೆಯಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಈ ವಿಚಾರಗಳಿಗೆ ಬೇಕಾದ ಸಾಮಗ್ರಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ಅಲ್ಲಿನ ಜೈನ ಕ್ಷೇತ್ರ, ವೇದಾಂತದ ವ್ಯಾಸಂಗ, ದೇವಾಲಯಗಳ ಜೀರ್ಣೋದ್ಧಾರದ ಇತಿಹಾಸ, ಇವು ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ತೀರ್ಮಾನಕ್ಕೆ ಬರಬಹುದು: ಬದಲಾವಣೆಯನ್ನು ಒಪ್ಪಿಕೊಂಡು ಅದಕ್ಕೆ ಸಾಕ್ಷಿಯನ್ನು ಉಳಿಸಿದಾಗ ವಸ್ತುವಿನ ಅನನ್ಯತೆ, ಅಂದರೆ ಅದು ಬೇರೊಂದಾಗದೆ ಅದೇ ಆಗಿರುವ ಗುಣ, ಉಳಿಯುತ್ತದೆ, ಸಾಕ್ಷಿಯನ್ನು ಅಳಿಸಿದಾಗ ಮೂಲದ ಭಾಗಗಳೆಲ್ಲ ಇದ್ದರೂ ಆ ಗುಣಕ್ಕೆ ಧಕ್ಕೆ ಒದಗುತ್ತದೆ.

ಮೊದಲು ಗುರುತಿನ ವಿಷಯ. ‘ವಿಂಟೇಜ್’ ಎಂಬ ಹೆಸರು ಬ್ರಿಟನ್ನಿನ ಹವ್ಯಾಸಿಗಳ ರೂಢಿಯಲ್ಲಿ 1919ರಿಂದ 1930ರ ವರೆಗೆ ತಯಾರಾದ ಕಾರುಗಳಿಗಷ್ಟೇ ಸಲ್ಲುತ್ತದೆ. ಭಾರತದ ಕಾನೂನು ಬೇರೆ ಅಳತೆಯನ್ನು ಇಟ್ಟುಕೊಂಡಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ, ಚಾಸಿ, ಬಾಡಿ ಅಥವಾ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡಿಗೆ ಒಳಗಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅವುಗಳ ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅದರ ಅವಧಿ 10 ವರ್ಷ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಗಳಿಗಲ್ಲದೆ ದಿನಬಳಕೆಗಾಗಿ ಅವನ್ನು ರಸ್ತೆಗೆ ಇಳಿಸುವಂತಿಲ್ಲ. ನಿಯಮವು ಮೂಲರೂಪವನ್ನು ಕಡ್ಡಾಯ ಮಾಡಿತಾದರೂ, ಆ ಮೂಲರೂಪವು ವಾಹನದ ಯಾವ ಭಾಗದಲ್ಲಿ ನೆಲೆಸಿದೆ ಎಂಬುದನ್ನು ಪೂರ್ತಿಯಾಗಿ ತೀರ್ಮಾನಿಸುವುದು ಯಾವ ನಿಯಮಕ್ಕೂ ಸುಲಭವಲ್ಲ.

ಈ ಭಾಗದಲ್ಲಿ ಕಂಡುಬರುವ ಹಳೆಯ ವಾಹನಗಳ ಪೈಕಿ ಅಂಬಾಸಿಡರ್ ಒಳ್ಳೆಯ ಉದಾಹರಣೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಆಧರಿಸಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರ ವರೆಗೆ ಇದನ್ನು ತಯಾರಿಸಿತು. 1962ರ ವರೆಗೆ ಮಾರ್ಕ್ 1, ಅಲ್ಲಿಂದ 1975ರ ವರೆಗೆ ಮಾರ್ಕ್ 2, ಆಮೇಲೆ ಮಾರ್ಕ್ 3 ಮತ್ತು ಮಾರ್ಕ್ 4 ಎಂದು ಹೆಸರು ಬದಲಾದರೂ, ಮುಂಭಾಗದ ಗ್ರಿಲ್ಲು, ಡ್ಯಾಶ್‌ಬೋರ್ಡುಗಳಂಥ ವ್ಯತ್ಯಾಸಗಳನ್ನು ಬಿಟ್ಟರೆ ಒಡಲು ಬಹುಮಟ್ಟಿಗೆ ಒಂದೇ ಆಗಿದ್ದುದರಿಂದ, ಒಂದು ಮಾದರಿಯ ಬಿಡಿಭಾಗವನ್ನು ಇನ್ನೊಂದಕ್ಕೆ ಜೋಡಿಸುವುದು ಮೇಸ್ತ್ರಿಗಳಿಗೆ ಕಷ್ಟವಾಗಲಿಲ್ಲ. ಅಪಘಾತದಲ್ಲಿ ಜಖಂ ಆದ ಬಾಗಿಲಿಗೆ ಗುಜರಿಯಿಂದ ಬೇರೆ ಬಾಗಿಲು ಬಂದಿತು. ತುಕ್ಕು ಹಿಡಿದ ನೆಲಕ್ಕೆ ಹೊಸ ತಗಡು ಬೆಸೆಯಲಾಯಿತು. ಪೆಟ್ರೋಲು ದುಬಾರಿಯಾದಾಗ ಡೀಸೆಲ್ ಇಂಜಿನ್ ಕೂರಿಸಲಾಯಿತು. ಹೀಗಾಗಿ ಕಾರನ್ನು ಕೊಂಡವರು ಚಾಸಿ ನಂಬರು, ಇಂಜಿನ್ ನಂಬರುಗಳನ್ನು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಲು ತೊಡಗಿದಾಗ, ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳ ಸಂಖ್ಯಾಫಲಕವಿರುವ ಕಾರಿನಲ್ಲಿ ಮಾರ್ಕ್ 2ರ ಒಡಲು, ಮಾರ್ಕ್ 3ರ ಗ್ರಿಲ್ಲು, ಅದಕ್ಕೂ ಈಚಿನ ಇಂಜಿನ್ನು ಒಟ್ಟಿಗೆ ಇರುವುದು ಗೊತ್ತಾಗುವ ಸಂಭವ ಹೆಚ್ಚು. ಆಗ ಅದು ಯಾವ ವರ್ಷದ ಕಾರು ಎಂಬ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಹೇಳಲಾಗುವುದಿಲ್ಲ.

ವಾಹನವನ್ನೇ ಮುಂದಿಟ್ಟುಕೊಂಡು ಈ ಸಮಸ್ಯೆಯನ್ನು ಚರ್ಚಿಸಿದ ಪ್ರಾಚೀನ ಗ್ರಂಥ ‘ಮಿಲಿಂದಪಞ್ಹ’. ಗ್ರೀಕ್ ಮೂಲದ ಅರಸ ಮಿಲಿಂದನಿಗೂ ಬೌದ್ಧ ಭಿಕ್ಷು ನಾಗಸೇನನಿಗೂ ನಡೆದ ಸಂವಾದದ ರೂಪದಲ್ಲಿರುವ ಈ ಪಾಲಿ ಗ್ರಂಥದಲ್ಲಿ, ಅರಸ ಏರಿ ಬಂದ ರಥವೆಂದರೆ ಅಚ್ಚೋ, ಗಾಲಿಯೋ, ಮೂಕಿಯೋ ಎಂದು ನಾಗಸೇನನು ಒಂದೊಂದಾಗಿ ಕೇಳಿ, ಯಾವ ಭಾಗವೂ ರಥವಲ್ಲವೆಂದೂ ಭಾಗಗಳಿಗಿಂತ ಬೇರೆಯಾದ ರಥವೂ ಇಲ್ಲವೆಂದೂ ಅರಸನಿಂದಲೇ ಒಪ್ಪಿಸುತ್ತಾನೆ. ಭಾಗಗಳ ಕೂಟಕ್ಕೆ ವ್ಯವಹಾರದ ಅನುಕೂಲಕ್ಕಾಗಿ ಇಟ್ಟ ಹೆಸರು ರಥ ಎಂಬುದು ಅವನ ನಿಲುವು. ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಇದನ್ನು ಒಪ್ಪಲಿಲ್ಲ. ಅವಯವಗಳು ಸೇರಿದಾಗ ಅವುಗಳಿಗಿಂತ ಬೇರೆಯಾದ ‘ಅವಯವಿ’, ಅಂದರೆ ಇಡೀ ವಸ್ತು, ನಿಜವಾಗಿಯೂ ಹುಟ್ಟುತ್ತದೆ ಎಂದು ಆ ದಾರ್ಶನಿಕರು ವಾದಿಸಿದರು. ಆದರೆ ಈ ವಾದಕ್ಕೆ ತೆರಬೇಕಾದ ಬೆಲೆ ದೊಡ್ಡದು: ಒಂದು ಅವಯವ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದೊಂದು ಹುಟ್ಟುತ್ತದೆಂದು ಹೇಳಬೇಕಾಗುತ್ತದೆ. ನಾಗಸೇನನ ಪ್ರಕಾರ ಕಾರು ಎಂಬುದು ಬರಿಯ ಹೆಸರು. ವೈಶೇಷಿಕರ ಪ್ರಕಾರ ಬಾಗಿಲು ಬದಲಾದ ದಿನವೇ ಅದು ಬೇರೆ ಕಾರು. ಕೊಂಡವನ ಕೈಗೆ ಎರಡೂ ಕಡೆ ಹಳೆಯ ಕಾರು ಸಿಗುವುದಿಲ್ಲ.

ಪಶ್ಚಿಮದ ತತ್ತ್ವಜ್ಞಾನದಲ್ಲಿ ಇದೇ ಸಮಸ್ಯೆ ಥೀಸಿಯಸ್‌ನ ಹಡಗಿನ ರೂಪದಲ್ಲಿ ಪ್ರಸಿದ್ಧವಾಗಿದೆ. ಪ್ಲುಟಾರ್ಕ್ ಹೇಳಿದ ಆ ಹಡಗಿನ ಹಲಗೆಗಳು ಒಂದೊಂದಾಗಿ ಬದಲಾದುವು. ಕಳಚಿದ ಹಳೆಯ ಹಲಗೆಗಳನ್ನೆಲ್ಲ ಕೂಡಿಸಿ ಇನ್ನೊಂದು ಹಡಗು ಕಟ್ಟಿದರೆ ಎರಡರಲ್ಲಿ ಮೂಲದ್ದು ಯಾವುದೆಂದು ಇಂಗ್ಲಿಷ್ ದಾರ್ಶನಿಕ ಹಾಬ್ಸ್ 17ನೆಯ ಶತಮಾನದಲ್ಲಿ ಕೇಳಿದ. ಈ ಕಾಲ್ಪನಿಕ ಸಮಸ್ಯೆ 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಕಾರಿನ ರೂಪದಲ್ಲಿ ಬಂದಿತು. 1929 ಮತ್ತು 1930ರ ಲ ಮಾನ್ಸ್ ಸ್ಪರ್ಧೆಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರಿನ ಮಾರಾಟದ ಒಪ್ಪಂದವಾದ ಮೇಲೆ, ಅದರಲ್ಲಿ ಸ್ಪರ್ಧೆಯ ಕಾಲದ ಲೋಹ ಬಹಳ ಕಡಿಮೆ ಉಳಿದಿದೆಯೆಂಬ ತಕರಾರು ಎದ್ದಿತು. ಕಾರು ಒಮ್ಮೆಯೂ ಕಣ್ಮರೆಯಾಗದೆ ಹಂತಹಂತವಾಗಿ ಬದಲಾಗಿದೆ, ಆ ಹೆಸರಿಗೆ ಹಕ್ಕು ಸಾಧಿಸಬಲ್ಲ ಬೇರೆ ಕಾರು ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿದ ನ್ಯಾಯಾಧೀಶ ಆಟನ್, ಲೋಹದಂತೆಯೇ ಇತಿಹಾಸವೂ ಕಾರಿನ ಅನನ್ಯತೆಯ ಅಂಗವೆಂದು ಪರಿಗಣಿಸಿ ಅದು ಅದೇ ಕಾರು ಎಂದು ತೀರ್ಪು ಕೊಟ್ಟರು.

ಈ ತೀರ್ಪಿನ ಹಿಂದಿರುವ ವಿವೇಕವನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವು ಪ್ರತಿನಿಧಿಸುವ ಜೈನ ದರ್ಶನ ಬಹು ಹಿಂದೆಯೇ ಸಿದ್ಧಾಂತವಾಗಿ ರೂಪಿಸಿತ್ತು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದಂತೆ ಇರುವ ಪ್ರತಿಯೊಂದು ವಸ್ತುವಿನಲ್ಲಿಯೂ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರು ಲಕ್ಷಣಗಳು ಏಕಕಾಲದಲ್ಲಿರುತ್ತವೆ: ಹೊಸ ಅವಸ್ಥೆ ಹುಟ್ಟುತ್ತದೆ, ಹಳೆಯ ಅವಸ್ಥೆ ಅಳಿಯುತ್ತದೆ, ಇವೆರಡರ ನಡುವೆ ದ್ರವ್ಯ ನಿಲ್ಲುತ್ತದೆ. ಅಳಿದು ಹುಟ್ಟುವ ಅವಸ್ಥೆಗೆ ‘ಪರ್ಯಾಯ’ವೆಂದು ಹೆಸರು. ಸಮಂತಭದ್ರನು ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೆ ಚಿನ್ನದ ಕೊಡದ ದೃಷ್ಟಾಂತ ಕೊಡುತ್ತಾನೆ. ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ; ಮೂವರ ಅನುಭವಕ್ಕೂ ವಸ್ತುವಿನಲ್ಲಿಯೇ ಆಧಾರವಿದೆ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಿದ ಕಾರಿನ ಮುಂದೆ ಸಂಗ್ರಾಹಕ ನೊಂದುಕೊಂಡರೆ, ತೋಟಕ್ಕೆ ಹೋಗಿ ಬರಲು ಅದನ್ನು ಬಳಸುತ್ತಿದ್ದವನು ಅದೇ ಬದಲಾವಣೆಯಿಂದ ನೆಮ್ಮದಿಪಟ್ಟಿದ್ದಾನು. ದ್ರವ್ಯದ ದೃಷ್ಟಿಯಿಂದ ನೋಡುವ ‘ದ್ರವ್ಯಾರ್ಥಿಕ ನಯ’ಕ್ಕೆ ಅದು ಅದೇ ಕಾರು, ಅವಸ್ಥೆಯ ದೃಷ್ಟಿಯಿಂದ ನೋಡುವ ‘ಪರ್ಯಾಯಾರ್ಥಿಕ ನಯ’ಕ್ಕೆ ಅದು ಬೇರೆ ಕಾರು. ಯಾವ ದೃಷ್ಟಿಯಿಂದ ಹೇಳಲಾಗುತ್ತಿದೆಯೆಂಬುದನ್ನು ಮರೆಮಾಚಿ ಒಂದನ್ನೇ ಪೂರ್ಣಸತ್ಯವೆಂದು ಸಾಧಿಸಿದಾಗ ಮಾತ್ರ ತಪ್ಪು ಸಂಭವಿಸುತ್ತದೆ ಎಂಬುದು ಅನೇಕಾಂತವಾದದ ತಿರುಳು.

ಜೈನರ ಉತ್ತರವು ಸಮಸ್ಯೆಯನ್ನು ಸೌಮ್ಯಗೊಳಿಸುತ್ತದಾದರೂ, ‘ಅದೇ ಇದು’ ಎಂಬ ಅರಿವಿಗೆ ಪ್ರಮಾಣವೇನೆಂಬ ಪ್ರಶ್ನೆ ಉಳಿಯುತ್ತದೆ. ಹಿಂದೆ ಕಂಡದ್ದನ್ನು ಈಗ ಕಂಡದ್ದರೊಂದಿಗೆ ಒಂದೆಂದು ತಿಳಿಯುವ ಇಂಥ ಅರಿವಿಗೆ ‘ಪ್ರತ್ಯಭಿಜ್ಞೆ’ ಎಂಬ ಹೆಸರಿದೆ. ಅದರ ತೊಡಕನ್ನು ದೀಪದ ಉದಾಹರಣೆಯಿಂದ ತಿಳಿಯಬಹುದು. ಹಾಸನದ ಹಾಸನಾಂಬ ದೇವಾಲಯದ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ಕೆಲವೇ ದಿನ ತೆರೆಯುತ್ತದೆ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪವು ಮರುವರ್ಷ ತೆರೆದಾಗಲೂ ಉರಿಯುತ್ತಿರುತ್ತದೆಂಬುದು ಭಕ್ತರ ನಂಬಿಕೆ. ಉರಿಯುವ ದೀಪದ ವಿಷಯದಲ್ಲಿ ಬೌದ್ಧರು ಹೇಳುವುದೇನೆಂದರೆ, ಕ್ಷಣಕ್ಷಣಕ್ಕೂ ಹೊಸ ಜ್ವಾಲೆ ಹುಟ್ಟುತ್ತಿದ್ದರೂ ಸಾದೃಶ್ಯದ ಕಾರಣದಿಂದ ಒಂದೇ ಜ್ವಾಲೆಯೆಂಬ ಭ್ರಮೆ ಉಂಟಾಗುತ್ತದೆ, ಎಲ್ಲ ಪ್ರತ್ಯಭಿಜ್ಞೆಯೂ ಇದೇ ಬಗೆಯದು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಇದಕ್ಕೆ ಕೊಟ್ಟ ಉತ್ತರ ಇಲ್ಲಿ ಮುಖ್ಯವಾಗುತ್ತದೆ. ಇದು ಅದರಂತಿದೆ ಎನ್ನಬೇಕಾದರೂ ಅದನ್ನು ಹಿಂದೆ ಕಂಡವನು, ಇದನ್ನು ಈಗ ಕಾಣುವವನು ಒಬ್ಬನೇ ಆಗಿರಬೇಕು. ಹೊರಗಿನ ವಸ್ತುವಿನಲ್ಲಿ ಅದೋ ಅದರಂಥದೋ ಎಂಬ ಸಂಶಯ ಒಮ್ಮೊಮ್ಮೆ ಬರಬಹುದು, ಅರಿಯುವವನಿಗೆ ತನ್ನ ವಿಷಯದಲ್ಲಿ ಅಂಥ ಸಂಶಯ ಬರುವುದಿಲ್ಲ. ಈ ವಾದವನ್ನು ಹಳೆಯ ಕಾರಿಗೆ ಅನ್ವಯಿಸಿದರೆ ದೊರೆಯುವ ಫಲವೆಂದರೆ, ಬಾಹ್ಯವಸ್ತುವಿನ ಅನನ್ಯತೆ ತನ್ನಷ್ಟಕ್ಕೆ ತಾನು ಸಿದ್ಧವಾಗುವುದಿಲ್ಲ. ಹಳೆಯದನ್ನೂ ಹೊಸದನ್ನೂ ಕಂಡ ಸಾಕ್ಷಿಯೊಬ್ಬ ಬೇಕು. ಒಡೆಯರು ಕೈಬದಲಾಗುವ ಕಾರಿನ ವಿಷಯದಲ್ಲಿ ಅಂಥ ಸಾಕ್ಷಿಯ ಸ್ಥಾನವನ್ನು ಮನುಷ್ಯನಿಗಿಂತ ದಾಖಲೆಯೇ ತುಂಬಬೇಕಾಗುತ್ತದೆ.

ದಾಖಲೆಯ ಮಹತ್ತ್ವವನ್ನು ಹಾಸನ ಜಿಲ್ಲೆಯ ದೇವಾಲಯಗಳು ಕಲ್ಲಿನಲ್ಲಿಯೇ ತೋರಿಸಿಕೊಟ್ಟಿವೆ. ಹೊಯ್ಸಳ ಅರಸ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ ಇಂದು ಅಂದಿನಂತೆಯೇ ಇಲ್ಲ. ದೆಹಲಿಯ ಸೈನ್ಯದ ದಾಳಿಯಲ್ಲಿ ಹಾಳಾದ ಅದರ ಗೋಪುರವನ್ನು ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಮತ್ತೆ ಕಟ್ಟಿಸಿ ಶಾಸನ ಹಾಕಿಸಿದ. ಗರ್ಭಗೃಹದ ಮೇಲಿನ ಶಿಖರ ಈಗ ಇಲ್ಲ. ಹೀಗಿದ್ದರೂ 2023ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸುವಾಗ ಅದು ಹೊಯ್ಸಳ ದೇವಾಲಯವೇ ಆಗಿತ್ತು. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ನೋಡಿದರೆ, ಕಟ್ಟಿಸಿದವರಂತೆಯೇ ದುರಸ್ತಿ ಮಾಡಿಸಿದವರೂ ತಮ್ಮ ಕೆಲಸವನ್ನು ಹೆಸರು, ಕಾಲ ಸಹಿತ ಬರೆಸಿದ್ದು ಕಾಣುತ್ತದೆ. ಆಗಮಗಳು ಹೇಳುವ ಜೀರ್ಣೋದ್ಧಾರವಿಧಿಯಲ್ಲಿಯೂ ಇದೇ ಎಚ್ಚರವಿದೆ. ದುರಸ್ತಿಗೆ ಮೊದಲು ಮೂರ್ತಿಯಲ್ಲಿರುವ ದೈವೀಕಲೆಯನ್ನು ಕಲಶಕ್ಕೆ ಸೆಳೆದುಕೊಳ್ಳುವ ‘ಕಲಾಕರ್ಷಣ’ ನಡೆಯುತ್ತದೆ, ಕೆಲಸ ಮುಗಿಯುವ ತನಕ ‘ಬಾಲಾಲಯ’ವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ಸಾಗುತ್ತದೆ, ಕೊನೆಗೆ ಕಲೆಯನ್ನು ಮತ್ತೆ ಮೂಲಸ್ಥಾನಕ್ಕೆ ಸೇರಿಸುತ್ತಾರೆ. ಕಲ್ಲು, ಗಾರೆಗಳು ಬದಲಾಗುವ ಅವಧಿಯಲ್ಲಿಯೂ ಪೂಜೆಯ ಎಳೆ ಹರಿಯದಂತೆ ನೋಡಿಕೊಳ್ಳುವುದು ಈ ವಿಧಿಯ ಉದ್ದೇಶ, ಮತ್ತು ಇಡೀ ಕಾರ್ಯ ಊರವರ ಕಣ್ಣೆದುರಿನಲ್ಲಿ ನಡೆಯುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಷಷ್ಠಿಯಂದು ಎಳೆಯುವ ಸುಬ್ರಹ್ಮಣ್ಯಸ್ವಾಮಿಯ ತೇರಿನಂಥ ಯಾವ ತೇರನ್ನು ತೆಗೆದುಕೊಂಡರೂ ಇದೇ ಕ್ರಮವಿದೆ: ಮೇಲಿನ ಬಿದಿರು ಬಟ್ಟೆಗಳ ಕಟ್ಟಡವನ್ನು ಜಾತ್ರೆಗೆಂದು ಕಟ್ಟುತ್ತಾರೆ, ಸವೆದ ಗಾಲಿಗೆ ಹೊಸ ಗಾಲಿ ಮಾಡಿಸುತ್ತಾರೆ, ತೇರು ಮಾತ್ರ ಅದೇ ದೇವರ ತೇರಾಗಿ ಮುಂದುವರಿಯುತ್ತದೆ.

ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಲ್ಲಿ ಈ ವಿವೇಕದ ಲೌಕಿಕ ರೂಪವನ್ನು ಕಾಣಬಹುದು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಅದು ಹೇಳುತ್ತದೆ. ಮಾಡಿದ ಬದಲಾವಣೆಯನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಪುಸ್ತಕದಲ್ಲಿ ನಮೂದು ಮಾಡಿಸಬೇಕೆಂದೂ ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ತಯಾರಕರ ಮೂಲ ವಿವರಗಳನ್ನು ಮೀರಕೂಡದೆಂದು ಎತ್ತಿಹಿಡಿಯುತ್ತಲೇ ಸಣ್ಣಪುಟ್ಟ ಬದಲಾವಣೆಗಳಿಗೆ ತಡೆಯಿಲ್ಲವೆಂದು ಸ್ಪಷ್ಟಪಡಿಸಿತು. ಸ್ವರೂಪಕ್ಕೆ ಸೇರಿದ್ದು ಯಾವುದು, ಅದರ ಮೇಲೆ ಬಂದು ಹೋಗುವುದು ಯಾವುದು ಎಂಬ ವಿಂಗಡಣೆಯಿಲ್ಲದೆ ಕಾನೂನೂ ಮುಂದುವರಿಯಲಾರದು.

ಸಿಂಗಾರದ ಪ್ರಶ್ನೆ ಬರುವುದು ಈ ವಿಂಗಡಣೆಯ ಹಿನ್ನೆಲೆಯಲ್ಲಿ. ದ್ವೈತಮತವು ಧರ್ಮಗಳನ್ನು, ಅಂದರೆ ವಸ್ತುವಿನ ಗುಣಲಕ್ಷಣಗಳನ್ನು, ಎರಡು ಬಗೆಯಾಗಿ ಎಣಿಸುತ್ತದೆ: ದ್ರವ್ಯವಿರುವಷ್ಟು ಕಾಲವೂ ಇರುವ ‘ಯಾವದ್ದ್ರವ್ಯಭಾವಿ’ ಧರ್ಮಗಳು ದ್ರವ್ಯದಿಂದ ಬೇರೆಯಲ್ಲ, ನಡುವೆ ಬಂದು ಹೋಗುವ ‘ಅಯಾವದ್ದ್ರವ್ಯಭಾವಿ’ ಧರ್ಮಗಳು ದ್ರವ್ಯದಿಂದ ಬೇರೆಯೂ ಹೌದು, ಒಂದೂ ಹೌದು. ಹಳೆಯ ಕಾರಿಗೆ ತೊಡಿಸುವ ಟಾಪ್ ಕ್ಯಾರಿಯರ್, ಮುಂಗಾಜಿನ ಮೇಲಿನ ಬಿಸಿಲುಮರೆ, ಫಾಗ್ ಲ್ಯಾಂಪ್, ವೀಲ್ ಕಪ್, ಸೀಟ್ ಕವರುಗಳು ಎರಡನೆಯ ಬಗೆಗೆ ಸೇರುತ್ತವೆ. ಬಿಚ್ಚಿದರೆ ಕಾರು ಹಿಂದಿನಂತೆಯೇ ಉಳಿಯುತ್ತದೆ. ಪ್ರತಿದಿನ ಅಭಿಷೇಕದ ಹೊತ್ತಿಗೆ ದೇವರ ಆಭರಣ, ವಸ್ತ್ರಗಳನ್ನೆಲ್ಲ ತೆಗೆದು ಆಮೇಲೆ ಹೊಸದಾಗಿ ತೊಡಿಸುವ ಅಲಂಕಾರಸೇವೆಯಲ್ಲಿ ಇದರ ಸೂತ್ರವಿದೆ. ಆಭರಣ ತೊಡಿಸಲೆಂದು ಮೂರ್ತಿಯನ್ನು ಯಾರೂ ಕೊರೆಯುವುದಿಲ್ಲ. ಮೇಲ್ಛಾವಣಿಯನ್ನು ಕತ್ತರಿಸಿ ತೆರೆದ ಕಾರು ಮಾಡುವುದು, ಏಸಿಗಾಗಿ ಡ್ಯಾಶ್‌ಬೋರ್ಡನ್ನು ಒಡೆಯುವುದು ಮುಂತಾದ ಮಾರ್ಪಾಡುಗಳು ಅಂಥ ಕೊರೆತಕ್ಕೆ ಸಮ. ಸಿಂಗಾರದಲ್ಲಿಯೂ ಒಂದೇ ಆದರ್ಶವಿಲ್ಲವೆಂಬುದಕ್ಕೆ ಈ ಜಿಲ್ಲೆಯೇ ಸಾಕ್ಷಿ. ಬೇಲೂರಿನ ಚೆನ್ನಕೇಶವನ ಮೂರ್ತಿಯಲ್ಲಿ ಆಭರಣಗಳು ಕಲ್ಲಿನಲ್ಲಿಯೇ ಮೂಡಿವೆ, ಅಂದರೆ ಅಲಂಕಾರ ಅಲ್ಲಿ ಸ್ವರೂಪದ ಭಾಗವಾಗಿದೆ. ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ ಸುಮಾರು 58 ಅಡಿ ಎತ್ತರದ ಬಾಹುಬಲಿಯ ಮೈಮೇಲೆ ಒಂದು ಎಳೆ ಬಟ್ಟೆಯೂ ಇಲ್ಲ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದಲ್ಲಿ, ಈಚೆಗೆ 2006 ಮತ್ತು 2018ರಲ್ಲಿ ಕಂಡಂತೆ, ಹಾಲು, ಅರಿಶಿನ, ಕುಂಕುಮ, ಚಂದನಗಳ ಬಣ್ಣ ಆ ಮೈಯನ್ನು ತೊಯ್ದು ಕೆಳಗಿಳಿದು ಹೋಗುತ್ತದೆ. ಕಾರ್ಖಾನೆಯಿಂದ ಬಂದ ಕ್ರೋಮಿನ ಪಟ್ಟಿ ಮೊದಲನೆಯ ಬಗೆಯ ಅಲಂಕಾರವಾದರೆ, ಆಯುಧಪೂಜೆಯಂದು ಕಟ್ಟುವ ಬಾಳೆಕಂದು, ಹೂವಿನ ಹಾರಗಳು ಎರಡನೆಯ ಬಗೆಯವು. ಇವುಗಳಲ್ಲಿ ಯಾವುದಕ್ಕೂ ಆಕ್ಷೇಪವಿಲ್ಲ. ಈಚೆಗೆ ಸೇರಿಸಿದ್ದನ್ನು ಹುಟ್ಟಿನಿಂದಲೇ ಇದ್ದದ್ದೆಂದು ತೋರಿಸುವುದು ಮಾತ್ರ ಆಕ್ಷೇಪಾರ್ಹ.

ಇಲ್ಲಿ ಎದುರಾಗುವ ಪ್ರಬಲ ಆಕ್ಷೇಪವೊಂದನ್ನು ಹೊಳೆನರಸೀಪುರದ ವೇದಾಂತ ಪರಂಪರೆಯ ನೆರವಿನಿಂದ ಮಂಡಿಸಬಹುದು. 1937ರಿಂದ ಆ ಊರಿನಲ್ಲಿ ನೆಲೆಗೊಂಡ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸ್ಥಾಪಕರಾದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975) ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದುದಲ್ಲದೆ, ಭಾವರೂಪವಾದ ‘ಮೂಲಾವಿದ್ಯೆ’ಯೊಂದು ಇದೆಯೆಂಬ ಕಲ್ಪನೆ ಶಂಕರರದಲ್ಲ, ನಂತರದ ವ್ಯಾಖ್ಯಾನಕಾರರು ಸೇರಿಸಿದ್ದು ಎಂದು ವಾದಿಸಿ, ಆ ಸೇರ್ಪಡೆಗಳನ್ನು ತೆಗೆದು ಮೂಲ ಶಂಕರರನ್ನು ಕಾಣಿಸಲು ಬಾಳಿನುದ್ದಕ್ಕೂ ಶ್ರಮಿಸಿದರು. ಮೂಲವನ್ನು ಮುಸುಕಿದ ಪದರಗಳನ್ನು ತೆಗೆಯುವುದೇ ಸತ್ಯನಿಷ್ಠೆಯಾದರೆ, ಹಳೆಯ ಕಾರಿನಿಂದ ಕಾರ್ಖಾನೆಯದಲ್ಲದ ಪ್ರತಿಯೊಂದನ್ನೂ ತೆಗೆದುಹಾಕಬೇಕಲ್ಲವೇ ಎಂದು ಕೇಳಬಹುದು. ಆದರೆ ಎರಡರ ನಡುವೆ ಅಂತರವಿದೆ. ತತ್ತ್ವೋಪದೇಶದಲ್ಲಿ ಸೇರಿದ ತಪ್ಪು ಅರ್ಥ ಮೂಲದ ಪ್ರಾಮಾಣ್ಯವನ್ನೇ ಕೆಡಿಸುತ್ತದೆ. ಬಳಕೆಯ ವಸ್ತುವಿನ ಮೇಲೆ ಕೂಡಿದ ಪದರ ಅದು ಬಾಳಿದ ಬಾಳಿನ ಗುರುತಾಗಿರಬಹುದು. ಹೊಯ್ಸಳರದಲ್ಲವೆಂದು ಬೇಲೂರಿನ ವಿಜಯನಗರದ ಗೋಪುರವನ್ನು ಕೆಡಹುವ ಮಾತನ್ನು ಯಾರೂ ಆಡುವುದಿಲ್ಲ. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪಿಸಿದ ವೆನಿಸ್ ಸನ್ನದು ಬೇರೆ ಬೇರೆ ಕಾಲಗಳ ಸೇರ್ಪಡೆಗಳನ್ನು ಗೌರವಿಸಬೇಕೆಂದೂ, ಹೊಸದಾಗಿ ತುಂಬಿದ ಭಾಗವು ಮೂಲಕ್ಕೆ ಹೊಂದಿಕೊಂಡಿದ್ದರೂ ಅದರಿಂದ ಬೇರೆಯೆಂದು ಗುರುತಿಸುವಂತಿರಬೇಕೆಂದೂ ಹೇಳಿತು. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2013ರಲ್ಲಿ ಜಾರಿಗೆ ತಂದ ಟ್ಯೂರಿನ್ ಸನ್ನದು ಅದೇ ದಾರಿಯಲ್ಲಿ ವಾಹನಗಳಿಗೆ ನೀತಿಯನ್ನು ರೂಪಿಸಿತು. ಮೇಲಾಗಿ ಸ್ವಾಮಿಗಳ ವಿಧಾನದ ಒಳತಿರುಳು ಬೇರೊಂದನ್ನು ಸೂಚಿಸುತ್ತದೆ. ಅವರು ವೇದಾಂತದ ಕೀಲಿಯೆಂದು ಎತ್ತಿ ತೋರಿಸಿದ ‘ಅಧ್ಯಾರೋಪ–ಅಪವಾದ’ ಕ್ರಮದಲ್ಲಿ, ತಿಳಿವಳಿಕೆಗಾಗಿ ಆರೋಪಿಸಿದ್ದನ್ನು ಆರೋಪವೆಂದು ಅರಿತು ಬಳಿಕ ಹಿಂತೆಗೆದುಕೊಳ್ಳಲಾಗುತ್ತದೆ. ಆರೋಪಿತವಾದದ್ದನ್ನು ಆರೋಪಿತವೆಂದು ತಿಳಿದಿರುವುದು ಅಲ್ಲಿ ಮೊದಲ ಹೆಜ್ಜೆ. ಹಳೆಯ ಕಾರಿನ ಒಡೆಯನಿಂದ ಅಪೇಕ್ಷಿಸಬೇಕಾದದ್ದೂ ಮೊದಲು ಇಷ್ಟೇ.

ಕಾರು ಮೂರ್ತಿಯಲ್ಲ, ಅದಕ್ಕೆ ಪ್ರಾಣಪ್ರತಿಷ್ಠೆಯಾಗಿಲ್ಲ, ಅದರ ಮೇಲಿನ ಅಕ್ಕರೆ ಮಮಕಾರವೇ ಅಲ್ಲವೇ ಎಂಬ ಮಾತೂ ಉಳಿಯುತ್ತದೆ. ಸಂಗ್ರಹದ ಹಂಬಲವನ್ನು ಅಪರಿಗ್ರಹವ್ರತವನ್ನು ಬೋಧಿಸುವ ಜೈನಧರ್ಮವಂತೂ ಸುಲಭವಾಗಿ ಒಪ್ಪದು. ಆದರೆ ಗೃಹಸ್ಥನಿಗೆ ಆ ಧರ್ಮ ವಿಧಿಸಿದ್ದು ಪೂರ್ಣ ತ್ಯಾಗವನ್ನಲ್ಲ, ಮಿತಿಯನ್ನು. ಜೈನ ಮನೆತನದವರಾದ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಕೂಡಿದ ಹಳೆಯ ವಾಹನಗಳು ಸಾರ್ವಜನಿಕರು ನೋಡಲೆಂದು ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯದಲ್ಲಿಯೂ ಇವೆ. ಒಡೆತನವು ಪಾಲಕತ್ವವಾಗಿ ಬದಲಾಗುವ ಈ ಬಗೆಗೆ ಸಂಗ್ರಹಾಲಯವೇ ಬೇಕೆಂದಿಲ್ಲ. ವಸ್ತು ತನಗಿಂತ ಮೊದಲೂ ಇತ್ತು, ತನ್ನ ನಂತರವೂ ಇರುತ್ತದೆಂಬ ಅರಿವಿದ್ದರೆ ಮನೆಯ ಷೆಡ್ಡಿನಲ್ಲಿಯೂ ಅದು ಸಾಧ್ಯ.

ಈ ಅರಿವಿನಿಂದ ಕೆಲವು ಕರ್ತವ್ಯಗಳು ಸಹಜವಾಗಿ ಹೊರಡುತ್ತವೆ. ಗುರುತು ಹಿಡಿಯುವಾಗ ಯಾವ ಭಾಗ ಯಾವ ಕಾಲದ್ದೆಂದು ಸಂಕೋಚವಿಲ್ಲದೆ ಬರೆದಿಡಬೇಕು. ಕಳಚಿದ ಮೂಲಭಾಗಗಳನ್ನು ಗುಜರಿಗೆ ಹಾಕದೆ ಕಾರಿನೊಂದಿಗೇ ಉಳಿಸಬೇಕು. ಸಿಂಗಾರಕ್ಕೆ ಬಿಚ್ಚಲು ಬರುವಂಥದನ್ನು ಆರಿಸಬೇಕು. ಸುರಕ್ಷತೆಯ ದೃಷ್ಟಿಯಿಂದ ಮಾರ್ಪಾಡು ಅನಿವಾರ್ಯವಾದರೆ ಅದನ್ನು ಕಾನೂನಿನ ಮಿತಿಯೊಳಗೆ, ಸಾಧ್ಯವಾದಷ್ಟು ಹಿಂದಕ್ಕೆ ಪಡೆಯಬಹುದಾದ ರೀತಿಯಲ್ಲಿ ಮಾಡಿಸಿ ದಾಖಲಿಸಬೇಕು. ಇವುಗಳ ಪ್ರಯೋಜನ ಬೆಲೆ ಏರುವುದಕ್ಕಷ್ಟೇ ಸೀಮಿತವಲ್ಲ. ಮೂಲಸ್ಥಿತಿಯೇ ಶ್ರೇಷ್ಠವೋ, ಬಾಳಿದ ಗುರುತುಗಳ ಸಹಿತವಾದ ಸ್ಥಿತಿ ಶ್ರೇಷ್ಠವೋ ಎಂಬ ವಿವಾದದಲ್ಲಿ ಇಂದಿನ ಒಡೆಯ ಒಂದು ಪಕ್ಷವನ್ನು ಹಿಡಿಯಲೇಬೇಕಾಗುತ್ತದೆ, ಮತ್ತು ಅವನ ಆಯ್ಕೆ ತಪ್ಪಾಗಿರಲೂಬಹುದು. ದಾಖಲೆಯೂ ಹಿಂದಿರುಗಿಸುವ ಅವಕಾಶವೂ ಇದ್ದರೆ ಅವನ ನಂತರ ಬರುವವನು ಆ ಆಯ್ಕೆಯನ್ನು ಒಪ್ಪದೆ ಬೇರೆ ದಾರಿ ಹಿಡಿಯಬಲ್ಲ. ಅವಿಲ್ಲದಿದ್ದರೆ ಒಬ್ಬನ ಅಭಿರುಚಿಯೇ ವಸ್ತುವಿನ ಇತಿಹಾಸವೆಂದು ಶಾಶ್ವತವಾಗಿ ನಿಂತುಬಿಡುತ್ತದೆ. ಮುಂದಿನವರಿಗೆ ಭಿನ್ನವಾಗಿ ತೀರ್ಮಾನಿಸುವ ಹಕ್ಕನ್ನು ಉಳಿಸಿಕೊಡುವುದೇ ಹಳೆಯ ವಸ್ತುವಿನ ಒಡೆಯನಿಗೆ ಸಲ್ಲುವ ಧರ್ಮ.